ಮ್ಯಾನುಯಲ್ಲೋ ಡಿಎಸ್‌ಜಿಯೋ: ಕ್ಲಚ್ ಎಲ್ಲಿ ಜಾರುತ್ತದೆ ಎಂದು ಮೊದಲು ನೋಡಿ

ಓದುಗರ ಪ್ರಶ್ನೆ: ನನಗೆ 36 ವರ್ಷ, ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ ವಾಸ. ವಾರದಲ್ಲಿ ಮೂರು ದಿನ ಹೊರವರ್ತುಲ ರಸ್ತೆಯಲ್ಲಿ ಹೆಬ್ಬಾಳದ ಕಚೇರಿಗೆ ಹೋಗಿಬರುತ್ತೇನೆ. ತಿಂಗಳಿಗೊಮ್ಮೆ ಮೂಡಿಗೆರೆ ಹತ್ತಿರದ ತೋಟದ ಮನೆಗೆ ಪ್ರಯಾಣ, ಅಲ್ಲಿಂದ ಆಗಾಗ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ. ಈವರೆಗೆ ಓಡಿಸಿದ್ದೆಲ್ಲ ಮ್ಯಾನುಯಲ್ ಕಾರುಗಳೇ. ಈಗ ಒಳ್ಳೆಯ ಪಿಕಪ್ ಇರುವ ಕಾರು ಬೇಕೆಂದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ 1.5 ಟಿಎಸ್‌ಐ ನೋಡಿದ್ದೇನೆ. 6 ಗೇರಿನ ಮ್ಯಾನುಯಲ್ ಕೊಳ್ಳುವುದೋ 7 ಗೇರಿನ ಡಿಎಸ್‌ಜಿಯೋ (ಕ್ಲಚ್ ಪೆಡಲ್ ಇಲ್ಲದ, ಫೋಕ್ಸ್‌ವ್ಯಾಗನ್‌ನ ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್) ಎಂಬುದು ತೀರ್ಮಾನವಾಗುತ್ತಿಲ್ಲ. ಡಿಎಸ್‌ಜಿ ಕೈಕೊಟ್ಟರೆ ಲಕ್ಷಗಟ್ಟಲೆ ಖರ್ಚು ಎಂದು ಗೆಳೆಯರು ಹೆದರಿಸುತ್ತಾರೆ. ಆಟೊಮ್ಯಾಟಿಕ್ ಕಾರು ಘಾಟಿಯಲ್ಲಿ ಹಿಡಿತಕ್ಕೆ ಸಿಗುವುದಿಲ್ಲ, ಮೈಲೇಜೂ ಕೊಡುವುದಿಲ್ಲ ಎಂಬುದು ಚಿಕ್ಕಪ್ಪನ ವಾದ. ಒಂದು ವರ್ಷ ಕಳೆದ ಮೇಲೆ ಇಸಿಯು ರೀಮ್ಯಾಪ್ ಮಾಡಿಸುವ (ಎಂಜಿನ್ ಆಳುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವ), ವರ್ಷಕ್ಕೊಮ್ಮೆಯಾದರೂ ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿಗೆ ಕಾರನ್ನು ಒಯ್ಯುವ ಆಸೆ ನನಗಿದೆ. ಪತ್ನಿಯೂ ಓಡಿಸುತ್ತಾಳೆ, ಆದರೆ ಅವಳಿಗೆ ಕ್ಲಚ್ ಪೆಡಲ್ ಬೇಡವೇ ಬೇಡ. ಕಾರನ್ನು ಕನಿಷ್ಠ ಎಂಟು ವರ್ಷ ಇಟ್ಟುಕೊಳ್ಳುವವನು ನಾನು. ಮ್ಯಾನುಯಲ್ ಬಿಟ್ಟುಕೊಟ್ಟರೆ ಮುಂದೆ ಹಳಹಳಿಸಬೇಕಾದೀತೇ?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಮೂರು ಆತಂಕಗಳು ಹೆಣೆದುಕೊಂಡಿವೆ. ಗೇರ್‌ಬಾಕ್ಸ್ ಎಂಟು ವರ್ಷ ಬಾಳುತ್ತದೆಯೇ ಎಂಬುದು ಒಂದು. ಘಾಟಿಯಲ್ಲಿ ಕಾರು ನಿಮ್ಮ ಅಂಕೆಯಲ್ಲಿರುತ್ತದೆಯೇ ಎಂಬುದು ಇನ್ನೊಂದು. ಓಡಿಸುವ ಸುಖವನ್ನು ಹೆಚ್ಚಿಗೆ ದುಡ್ಡು ಕೊಟ್ಟು ಕಳೆದುಕೊಳ್ಳುತ್ತೀರೇನೋ ಎಂಬುದು ಮತ್ತೊಂದು. ಮೊದಲನೆಯದಕ್ಕೆ ಯಂತ್ರದಲ್ಲಿ ಉತ್ತರವಿದೆ, ಎರಡನೆಯದಕ್ಕೆ ಓಡಿಸುವ ಕ್ರಮದಲ್ಲಿ. ಮೂರನೆಯದಕ್ಕೆ ಮಾತ್ರ ನಿಮ್ಮ ರುಚಿಯೇ ಪ್ರಮಾಣ, ಅಲ್ಲಿ ನನ್ನಂಥವರ ಮಾತಿಗೆ ಹೆಚ್ಚಿನ ಬೆಲೆಯಿಲ್ಲ. ಕ್ಲಚ್ ಮತ್ತು ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವುದೇ ನನ್ನ ಕಸುಬು. ‘ಇದು ಎಷ್ಟು ಕಿಲೊಮೀಟರಿಗೆ ಹೋಗುತ್ತದೆ’ ಎಂದು ಗಿರಾಕಿಗಳು ಕೇಳಿದಾಗಲೆಲ್ಲ, ‘ನಿಮ್ಮ ಕ್ಲಚ್ ದಿನಕ್ಕೆ ಎಷ್ಟು ಹೊತ್ತು ಜಾರುತ್ತದೆ’ ಎಂದು ನಾನು ತಿರುಗಿ ಕೇಳುತ್ತೇನೆ. ಮ್ಯಾನುಯಲ್ ಆಗಲಿ, ಡಿಎಸ್‌ಜಿ ಆಗಲಿ, ಕ್ಲಚ್ಚಿನ ಆಯುಸ್ಸನ್ನು ನಿರ್ಧರಿಸುವುದು ಓಡಿದ ದೂರಕ್ಕಿಂತ ಹೆಚ್ಚಾಗಿ ಜಾರಿದ ಹೊತ್ತು. ನಿಮ್ಮ ಆಯ್ಕೆಯೂ ಆ ಲೆಕ್ಕದಿಂದಲೇ ಶುರುವಾಗಬೇಕು.

ಜಾರುವುದು ಎಂದರೇನೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಂಜಿನ್ ಆರಿಹೋಗದೆ ಉರಿಯುತ್ತಿರಬೇಕಾದರೆ ನಿಮಿಷಕ್ಕೆ ಕನಿಷ್ಠ ಏಳೆಂಟು ನೂರು ಸುತ್ತು ತಿರುಗುತ್ತಲೇ ಇರಬೇಕು. ನಿಂತ ಚಕ್ರದ್ದು ಸೊನ್ನೆ. ಈ ಎರಡರ ನಡುವಿನ ಅಂತರವನ್ನು ನಿಧಾನವಾಗಿ ಮುಚ್ಚುವ ಕೆಲಸ ಕ್ಲಚ್ಚಿನದು. ಅಂತರ ಮುಚ್ಚುವಷ್ಟು ಹೊತ್ತೂ ಕ್ಲಚ್ ಪ್ಲೇಟು ಎದುರಿನ ಉಕ್ಕಿನ ಮುಖಕ್ಕೆ ಉಜ್ಜುತ್ತಿರುತ್ತದೆ; ಎರಡು ಅಂಗೈಗಳನ್ನು ಒತ್ತಿ ಹಿಡಿದು ತಿಕ್ಕಿದರೆ ಕೈ ಬಿಸಿಯಾಗುವ ಹಾಗೆಯೇ ಅಲ್ಲಿಯೂ ಬಿಸಿ ಹುಟ್ಟುತ್ತದೆ, ಪ್ಲೇಟಿನ ಮೈ ಸವೆಯುತ್ತದೆ. ಒಮ್ಮೆ ಪೂರ್ತಿ ಕಚ್ಚಿಕೊಂಡ ಮೇಲೆ ಎರಡೂ ಒಂದೇ ವೇಗದಲ್ಲಿ ತಿರುಗುವುದರಿಂದ ಉಜ್ಜುವ ಮಾತೇ ಇಲ್ಲ. ಆದ್ದರಿಂದ ಬೆಂಗಳೂರಿನಿಂದ ಹಾಸನದವರೆಗೆ ಹೆದ್ದಾರಿಯಲ್ಲಿ ಸಲೀಸಾಗಿ ಓಡಿದ ಕಾರಿನ ಕ್ಲಚ್ಚಿಗಿಂತ, ಸಂಜೆ ಆರು ಗಂಟೆಗೆ ಹೆಬ್ಬಾಳದಿಂದ ಮಹದೇವಪುರದವರೆಗೆ ತೆವಳಿದ ಕಾರಿನ ಕ್ಲಚ್ ಹೆಚ್ಚು ಸವೆದಿರುತ್ತದೆ. ಮೀಟರು ನೋಡಿ ಕ್ಲಚ್ಚಿನ ಆರೋಗ್ಯ ಹೇಳಲಾಗದಿರುವುದು ಇದೇ ಕಾರಣಕ್ಕೆ.

‘ಆಟೊಮ್ಯಾಟಿಕ್’ ಎಂಬ ಒಂದೇ ಹಣೆಪಟ್ಟಿಯ ಕೆಳಗೆ ನಮ್ಮ ಮಾರುಕಟ್ಟೆಯಲ್ಲಿ ನಾಲ್ಕು ಬೇರೆ ಯಂತ್ರಗಳು ಮಾರಾಟವಾಗುತ್ತಿವೆ. ನಿಮ್ಮ ಗೆಳೆಯರು ಒಂದನ್ನು, ಚಿಕ್ಕಪ್ಪನವರು ಇನ್ನೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದಾರೆ. ಎಎಂಟಿ ಎಂದರೆ ಸಾಮಾನ್ಯ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ತುಳಿಯುವ ಮತ್ತು ಗೇರು ಹಾಕುವ ಕೆಲಸವನ್ನು ಒಂದು ಮೋಟಾರೋ ಹೈಡ್ರಾಲಿಕ್ ಸಾಧನವೋ ಮಾಡುತ್ತದೆ. ಅಗ್ಗ, ಆದರೆ ಗೇರು ಬದಲಾಗುವಾಗ ಮುಗ್ಗರಿಸುತ್ತದೆ. ಸಿವಿಟಿಯಲ್ಲಿ ಬೆಲ್ಟು ಮತ್ತು ಪುಲ್ಲಿಗಳ ಏರ್ಪಾಡು. ಇವೆರಡನ್ನೂ ನೀವು ಕೇಳುತ್ತಿರುವ ಬಗೆಯ ಕಾರಿನ ಮಟ್ಟಿಗೆ ಬದಿಗಿಡಬಹುದು. ಉಳಿದದ್ದು ಟಾರ್ಕ್ ಕನ್ವರ್ಟರ್ ಮತ್ತು ಡ್ಯುಯಲ್ ಕ್ಲಚ್. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ನಿಗೂ ಗೇರುಗಳಿಗೂ ನಡುವೆ ಆಯಿಲ್ ಇರುತ್ತದೆ. ಕಾರು ನಿಂತಲ್ಲಿಂದ ಹೊರಡುವಾಗ ಜಾರುವುದೆಲ್ಲ ಆ ಆಯಿಲಿನಲ್ಲಿ ನಡೆದುಹೋಗುತ್ತದೆ, ಹುಟ್ಟಿದ ಬಿಸಿಯನ್ನು ಕೂಲರ್ ಹೊರಹಾಕುತ್ತದೆ, ಉಜ್ಜಿ ಸವೆಯುವ ಪ್ಲೇಟಿನ ಪ್ರಶ್ನೆ ಅಲ್ಲಿ ಏಳುವುದಿಲ್ಲ. ವೇಗ ಕೂಡಿದ ಮೇಲೆ ಒಳಗಿನ ಲಾಕಪ್ ಕ್ಲಚ್ ಕಚ್ಚಿಕೊಂಡು ಎರಡನ್ನೂ ನೇರವಾಗಿ ಬೆಸೆಯುತ್ತದೆ. ಹಳೆಯ ಕಾಲದ ಮೂರು–ನಾಲ್ಕು ಗೇರಿನ ಕನ್ವರ್ಟರುಗಳು ನಿಜಕ್ಕೂ ಮಂದವಾಗಿದ್ದವು, ಪೆಟ್ರೋಲನ್ನೂ ಕುಡಿಯುತ್ತಿದ್ದವು. ಚಿಕ್ಕಪ್ಪನವರ ಅಭಿಪ್ರಾಯ ರೂಪುಗೊಂಡದ್ದು ಬಹುಶಃ ಅಂಥ ಕಾರಿನಲ್ಲಿ.

ಡ್ಯುಯಲ್ ಕ್ಲಚ್ಚಿನದು ಬೇರೆ ಕಥೆ. ಅದರ ಹೊಟ್ಟೆಯೊಳಗೆ ಇರುವುದು ಎರಡು ಮ್ಯಾನುಯಲ್ ಗೇರ್‌ಬಾಕ್ಸ್‌ಗಳೇ: ಬೆಸ ಸಂಖ್ಯೆಯ ಗೇರುಗಳಿಗೆ ಒಂದು ಕ್ಲಚ್, ಸಮ ಸಂಖ್ಯೆಯವಕ್ಕೆ ಇನ್ನೊಂದು. ನೀವು ಮೂರರಲ್ಲಿ ಹೋಗುತ್ತಿರುವಾಗಲೇ ನಾಲ್ಕನೆಯದು ತಯಾರಾಗಿ ಕೂತಿರುತ್ತದೆ. ಒಂದು ಕ್ಲಚ್ ಬಿಡುವುದೂ ಇನ್ನೊಂದು ಹಿಡಿಯುವುದೂ ಏಕಕಾಲಕ್ಕೆ ಆಗುವುದರಿಂದ ಎಳೆತ ತಪ್ಪುವುದಿಲ್ಲ. ಫೋಕ್ಸ್‌ವ್ಯಾಗನ್ 2003ರಲ್ಲಿ ಗಾಲ್ಫ್ ಆರ್32 ಕಾರಿನಲ್ಲಿ ಇದನ್ನು ಮೊದಲಿಗೆ ರಸ್ತೆಗಿಳಿಸಿದಾಗ ಅದರ ಕ್ಲಚ್‌ಗಳು ಆಯಿಲಿನಲ್ಲಿ ಮುಳುಗಿರುತ್ತಿದ್ದವು. ಡಿಕ್ಯೂ250 ಎಂಬ ಆ 6 ಗೇರಿನ ಪೆಟ್ಟಿಗೆ ಭಾರವಾಗಿತ್ತು, ದುಬಾರಿಯೂ ಆಗಿತ್ತು. ಚಿಕ್ಕ ಎಂಜಿನ್‌ಗಳಿಗೆಂದು 2008ರಲ್ಲಿ ಬಂದ 7 ಗೇರಿನ ಡಿಕ್ಯೂ200ರಲ್ಲಿ ಕ್ಲಚ್‌ಗಳು ಒಣಗಿರುವಂಥವು, ಅಂದರೆ ಮ್ಯಾನುಯಲ್ ಕಾರಿನ ಕ್ಲಚ್ಚಿನಂತೆ ಗಾಳಿಯಲ್ಲೇ ತಣಿಯಬೇಕಾದಂಥವು. ನೀವು ನೋಡಿರುವ ವರ್ಟಸ್‌ನಲ್ಲಿರುವುದು ಈ ಕುಲದ್ದೇ. ಹಾಗಾಗಿ ನಿಮ್ಮ ಮುಂದಿರುವ ಎರಡೂ ಕಾರುಗಳಲ್ಲಿ ಉಜ್ಜಿ ಸವೆಯುವ ಒಣ ಕ್ಲಚ್ಚೇ ಇದೆ; ಒಂದರಲ್ಲಿ ಅದನ್ನು ಜಾರಿಸುವುದು ನಿಮ್ಮ ಎಡಗಾಲು, ಇನ್ನೊಂದರಲ್ಲಿ ಕಂಪ್ಯೂಟರು.

ಗೆಳೆಯರ ಹೆದರಿಕೆ ಗಾಳಿಮಾತೇನಲ್ಲ. 2013ರ ಮಾರ್ಚ್‌ನಲ್ಲಿ ಚೀನಾದಲ್ಲಿ ಡಿಎಸ್‌ಜಿ ದೋಷದ ಕಾರಣಕ್ಕೆ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಕಂಪನಿ ವಾಪಸು ಕರೆಯಬೇಕಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳ 7 ಗೇರಿನ ಪೆಟ್ಟಿಗೆಯಲ್ಲಿದ್ದ ಸಿಂಥೆಟಿಕ್ ಆಯಿಲನ್ನು ತೆಗೆದು ಮಿನರಲ್ ಆಯಿಲ್ ಹಾಕಿಕೊಡಲಾಯಿತು. ಸೆಕೆಯೂ ತೇವಾಂಶವೂ ಕೂಡಿದ ಹವೆಯಲ್ಲಿ, ನಿಂತು ನಿಂತು ಸಾಗುವ ಸಂಚಾರದಲ್ಲಿ ಆ ಆಯಿಲ್‌ನಿಂದಾಗಿ ವಿದ್ಯುತ್ ಭಾಗಗಳಲ್ಲಿ ಶಾರ್ಟ್ ಆಗಬಹುದೆಂಬುದು ಆಗ ಕೊಟ್ಟ ಕಾರಣ. ನಮ್ಮ ಹವೆಯೂ ನಮ್ಮ ಸಂಚಾರವೂ ಆ ವರ್ಣನೆಗೆ ಎಷ್ಟು ಹತ್ತಿರ ಎಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ. ಅಂದಿನ ಪೆಟ್ಟಿಗೆಗೂ ಇಂದಿನದಕ್ಕೂ ನಡುವೆ ಬಹಳಷ್ಟು ತಿದ್ದುಪಡಿಗಳಾಗಿವೆ, ಆ ಆಯಿಲ್ ಸಮಸ್ಯೆ ಇಂದಿನ ಕಾರಿಗೆ ಅನ್ವಯಿಸುವುದಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ಡಿಎಸ್‌ಜಿ ‘ಹೋಯಿತು’ ಎಂದು ಜನ ಹೇಳುವಾಗ ಎರಡು ಬೇರೆ ಕಾಯಿಲೆಗಳು ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಕ್ಲಚ್ ಸವೆಯುವುದು ಒಂದು. ಅದು ಸದ್ದಿಲ್ಲದೆ ಬರುವುದಿಲ್ಲ, ಒಂದರಿಂದ ಎರಡಕ್ಕೆ ಹೋಗುವಾಗ ನಡುಕ ತೋರಿಸಿ ತಿಂಗಳುಗಟ್ಟಲೆ ಮುನ್ಸೂಚನೆ ಕೊಡುತ್ತದೆ, ಅದನ್ನು ಓಡಿಸುವ ಕ್ರಮದಿಂದ ಮುಂದೂಡಲೂಬಹುದು. ಕ್ಲಚ್‌ಗಳನ್ನು ಆಳುವ ಮೆಕಾಟ್ರಾನಿಕ್ಸ್ ಘಟಕ ಕೆಡುವುದು ಇನ್ನೊಂದು. ನೀವು ಎಷ್ಟೇ ನಾಜೂಕಾಗಿ ಓಡಿಸಿದರೂ ಒಂದು ಬೆಳಿಗ್ಗೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತಿ ಬೆಸ ಗೇರುಗಳೋ ಸಮ ಗೇರುಗಳೋ ಮಾಯವಾಗಬಹುದು. ಇಡೀ ಘಟಕ ಬದಲಿಸಬೇಕಾಗಿ ಬಂದರೆ ಬಿಲ್ಲು ಲಕ್ಷ ದಾಟುತ್ತದೆ. ಮ್ಯಾನುಯಲ್ ಕಾರಿನ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್ ಎಲ್ಲ ಸೇರಿಸಿ ಬದಲಿಸಿದರೂ, ಫ್ಲೈವೀಲನ್ನೂ ಸೇರಿಸಿಕೊಂಡರೂ, ಖರ್ಚು ಹತ್ತಾರು ಸಾವಿರದಲ್ಲಿ ಮುಗಿಯುತ್ತದೆ. ಎಂಟು ವರ್ಷ ಇಟ್ಟುಕೊಳ್ಳುವವರಿಗೆ ಈ ಅಂತರ ಸಣ್ಣದಲ್ಲ. ಅದಕ್ಕಾಗಿಯೇ ಡಿಎಸ್‌ಜಿ ಕೊಳ್ಳುವವರಿಗೆ ವಿಸ್ತರಿತ ವಾರಂಟಿ ಐಚ್ಛಿಕವೆಂದು ನಾನು ಭಾವಿಸುವುದಿಲ್ಲ. ಅದು ಕಾರಿನ ಬೆಲೆಯ ಒಂದು ಭಾಗ.

ಕ್ಲಚ್ ಸವೆತದ ಮಟ್ಟಿಗೆ ನಿಮ್ಮ ಕೈಯಲ್ಲಿ ಸಾಕಷ್ಟಿದೆ. ಡಿಎಸ್‌ಜಿ ಕಾರನ್ನು ಜನ ಹಾಳುಮಾಡುವುದು ಮುಖ್ಯವಾಗಿ ಅದನ್ನು ಟಾರ್ಕ್ ಕನ್ವರ್ಟರ್ ಎಂದು ಭಾವಿಸಿ ಓಡಿಸುವುದರಿಂದ. ಬ್ರೇಕಿನ ಮೇಲೆ ಅರೆಬರೆ ಕಾಲಿಟ್ಟು ಅಂಗುಲ ಅಂಗುಲವಾಗಿ ಸರಿಯುವುದು, ಏರಿನಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿ ಕಾರನ್ನು ನಿಲ್ಲಿಸಿಕೊಳ್ಳುವುದು, ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಇಳಿಜಾರನ್ನು ರಿವರ್ಸ್ ಗೇರಿನಲ್ಲಿ ನಿಧಾನವಾಗಿ ಏರುವುದು, ಇವು ಮೂರೂ ಒಣ ಕ್ಲಚ್ಚಿಗೆ ಅತ್ಯಂತ ಕಷ್ಟದ ಕೆಲಸಗಳು. ಮುಂದಿನ ಕಾರು ಹತ್ತು–ಹದಿನೈದು ಅಡಿ ಸರಿಯುವವರೆಗೆ ಬ್ರೇಕನ್ನು ಪೂರ್ತಿ ಒತ್ತಿ ಕಾಯಿರಿ. ಬ್ರೇಕ್ ಪೂರ್ತಿ ಒತ್ತಿದ್ದಾಗ ಕ್ಲಚ್ ಬಿಟ್ಟುಕೊಂಡಿರುತ್ತದೆ, ಆದ್ದರಿಂದ ಪ್ರತಿ ಸಿಗ್ನಲ್ಲಿನಲ್ಲೂ ನ್ಯೂಟ್ರಲ್ಲಿಗೆ ಹಾಕಬೇಕೆಂಬ ಸಲಹೆಗೆ ಅರ್ಥವಿಲ್ಲ. ಆಮೇಲೆ ಅನುಮಾನಿಸದೆ ಹೊರಡಿ, ಕ್ಲಚ್ ಬೇಗ ಪೂರ್ತಿ ಕಚ್ಚಿಕೊಳ್ಳಲಿ. ಎಡಬಲದಿಂದ ಆಟೊ ನುಗ್ಗುತ್ತದೆ ಎಂಬ ಆಕ್ಷೇಪ ನನಗೂ ಗೊತ್ತು. ನುಗ್ಗಲಿ ಬಿಡಿ. ದಟ್ಟಣೆಯಲ್ಲಿ ಡಿಎಸ್‌ಜಿಯಲ್ಲೇ ಇರುವ, ಗೇರನ್ನು ನೀವೇ ಆರಿಸುವ ಮ್ಯಾನುಯಲ್ ಮೋಡ್‌ಗೆ ಹಾಕಿ ಒಂದನೇ ಗೇರಿನಲ್ಲೇ ಹಿಡಿದಿಟ್ಟರೆ ಒಂದು–ಎರಡು–ಒಂದು ಎಂದು ಪೆಟ್ಟಿಗೆ ಪರದಾಡುವುದು ತಪ್ಪುತ್ತದೆ. ಮ್ಯಾನುಯಲ್ ಕಾರಿನಲ್ಲಿ ಇದೇ ದಟ್ಟಣೆಯಲ್ಲಿ ಹಾಫ್ ಕ್ಲಚ್ಚಿನಲ್ಲಿ ಸಾಗುವ ಅಭ್ಯಾಸವಿದ್ದರೆ ಅಲ್ಲಿಯೂ ಪ್ಲೇಟು ಸುಡುವುದು ಖಂಡಿತ, ವಾಸನೆ ಮೂಗಿಗೆ ಬೇಗ ತಿಳಿಯುತ್ತದೆ ಎಂಬುದಷ್ಟೇ ವ್ಯತ್ಯಾಸ. ನಿಮ್ಮ 1.5 ಎಂಜಿನ್ 250 ನ್ಯೂಟನ್ ಮೀಟರ್ ಟಾರ್ಕನ್ನು (ತಿರುಗಿಸುವ ಬಲವನ್ನು) 1,600 ಸುತ್ತಿನಿಂದ 3,500ರವರೆಗೆ ಸಮನಾಗಿ ಕೊಡುತ್ತದೆ. ಅದಕ್ಕಿಂತ ಕೆಳಗೆ ಟರ್ಬೊ ಇನ್ನೂ ಎಚ್ಚತ್ತಿರುವುದಿಲ್ಲವಾದ್ದರಿಂದ ತೆವಳುವ ಸಂಚಾರದಲ್ಲಿ ಮ್ಯಾನುಯಲ್ ಓಡಿಸುವವರು ತಮಗೇ ಅರಿವಿಲ್ಲದೆ ಕ್ಲಚ್ ಜಾರಿಸಿ ಕೊರತೆ ತುಂಬಿಕೊಳ್ಳುತ್ತಾರೆ.

ಘಾಟಿಯ ವಿಷಯಕ್ಕೆ ಬರೋಣ. ಚಾರ್ಮಾಡಿ ಇಳಿಯುವಾಗ ನಿಮಗೆ ಬೇಕಾದದ್ದು ಎಂಜಿನ್ ಬ್ರೇಕಿಂಗ್, ಅಂದರೆ ಕೆಳಗಿನ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದೆಳೆಯುವುದು. ಚಿಕ್ಕಪ್ಪನವರ ಮಾತು ಅರ್ಧ ನಿಜ: ಲಿವರನ್ನು ‘ಡಿ’ಯಲ್ಲಿಟ್ಟು ಸುಮ್ಮನೆ ಕೂತರೆ ಪೆಟ್ಟಿಗೆ ಪೆಟ್ರೋಲ್ ಉಳಿಸುವ ಲೆಕ್ಕದಲ್ಲಿ ಮೇಲಿನ ಗೇರಿಗೆ ಹಾರುತ್ತದೆ, ಹಿಡಿತ ಸಡಿಲವಾಗುತ್ತದೆ, ಬ್ರೇಕನ್ನೇ ನೆಚ್ಚಬೇಕಾಗುತ್ತದೆ. ಉಳಿದರ್ಧ ಅವರು ಹೇಳದೆ ಬಿಟ್ಟದ್ದು. ಮ್ಯಾನುಯಲ್ ಮೋಡಿಗೆ ತಂದು ಎರಡು ಅಥವಾ ಮೂರನೇ ಗೇರಿನಲ್ಲಿ ಹಿಡಿದರೆ ಡಿಎಸ್‌ಜಿ ಮ್ಯಾನುಯಲ್ಲಿನಷ್ಟೇ ಬಿಗಿಯಾಗಿ ಇಳಿಯುತ್ತದೆ, ಏಕೆಂದರೆ ಒಳಗೆ ಕ್ಲಚ್ ಪೂರ್ತಿ ಕಚ್ಚಿಕೊಂಡಿರುತ್ತದೆ, ನಡುವೆ ಆಯಿಲಿಲ್ಲ. ಏರುವಾಗ ನಿಮಗೆ ಅನುಕೂಲವೇ ಹೆಚ್ಚು: ತಿರುವಿನ ನಡುವೆ ಎದುರಿಗೆ ಬಸ್ಸು ಬಂದು ನಿಂತು ಹೊರಡಬೇಕಾದಾಗ ಕಾರು ಹಿಂದಕ್ಕೆ ಜಾರದಂತೆ ಹಿಲ್ ಹೋಲ್ಡ್ ಹಿಡಿಯುತ್ತದೆ, ಅದು ಹಿಡಿದಿರುವ ಕೆಲವೇ ಕ್ಷಣಗಳಲ್ಲಿ ಹೊರಟುಬಿಡಬೇಕು. ಮಳೆಗಾಲದಲ್ಲಿ ಲಾರಿಯೊಂದು ಕೆಟ್ಟು ಘಾಟಿಯುದ್ದಕ್ಕೂ ಸಾಲು ನಿಂತಾಗ ಮಾತ್ರ ಎಚ್ಚರ ಬೇಕು. ಏರಿನಲ್ಲಿ ಗಂಟೆಗಟ್ಟಲೆ ಅಡಿ ಅಡಿ ಸರಿಯುವುದು ಹೊರವರ್ತುಲ ರಸ್ತೆಗಿಂತಲೂ ಕೆಟ್ಟದ್ದು. ಅಂಥಲ್ಲಿ ಕ್ಲಚ್ ಬಿಸಿಯಾಗಿದೆ ಎಂದು ಕಾರು ಎಚ್ಚರಿಸಿದರೆ ಬದಿಗೆ ನಿಲ್ಲಿಸಿ ತಣಿಯಲು ಬಿಡಿ, ವಾದಕ್ಕಿಳಿಯಬೇಡಿ.

ಮೈಲೇಜಿನ ಬಗ್ಗೆ ಉದ್ದ ಬರೆಯುವುದಿಲ್ಲ. ಇದೇ ವರ್ಗದ ಹುಂಡೈ ವೆರ್ನಾ ಟರ್ಬೊ 2023ರಲ್ಲಿ ಬಂದಾಗ ಪ್ರಮಾಣೀಕೃತ ಅಂಕಿ ಮ್ಯಾನುಯಲ್ಲಿಗೆ ಲೀಟರಿಗೆ 20 ಕಿಲೊಮೀಟರ್, ಡ್ಯುಯಲ್ ಕ್ಲಚ್ಚಿಗೆ 20.6 ಎಂದಿತ್ತು. ರಸ್ತೆಯಲ್ಲಿ ಈ ಎರಡೂ ಅಂಕಿ ನಿಮಗೆ ಸಿಗುವುದಿಲ್ಲ. ಅದು ಬಲಗಾಲಿನ ವ್ಯವಹಾರ.

ಇನ್ನು ವೇಗ ಮತ್ತು ಸುಖ. ಮ್ಯಾನುಯಲ್ ಕಾರೇ ವೇಗವಾದದ್ದು ಎಂಬ ನಂಬಿಕೆಯನ್ನು ಓಟದ ಜಗತ್ತು ಎಂದೋ ಕೈಬಿಟ್ಟಿದೆ. 1989ರಲ್ಲಿ ಫೆರಾರಿ 640 ಎಂಬ ಫಾರ್ಮುಲಾ ಒನ್ ಕಾರು ಸ್ಟೀರಿಂಗಿನ ಹಿಂದಿನ ಪ್ಯಾಡಲ್‌ಗಳೊಂದಿಗೆ ಬಂದು, ನೈಜೆಲ್ ಮ್ಯಾನ್ಸೆಲ್ ಅದನ್ನು ಮೊದಲ ಪಂದ್ಯವಾದ ಬ್ರೆಜಿಲ್‌ನಲ್ಲೇ ಗೆಲ್ಲಿಸಿದ ಮೇಲೆ ಆ ಚರ್ಚೆ ಅಲ್ಲಿ ಮುಗಿಯಿತು. ಇಂದು ಒಂದೇ ಕಾರನ್ನು ಎರಡೂ ಬಗೆಯಲ್ಲಿ ಮಾರುವವರ ಅಂಕಿಗಳನ್ನೇ ನೋಡಿ: 2023ರ ಬಿಎಂಡಬ್ಲ್ಯು ಎಂ2 ನಿಂತಲ್ಲಿಂದ 100 ಕಿಲೊಮೀಟರ್ ವೇಗಕ್ಕೆ ಆಟೊಮ್ಯಾಟಿಕ್‌ನಲ್ಲಿ 4.1 ಸೆಕೆಂಡಿನಲ್ಲಿ, ಮ್ಯಾನುಯಲ್‌ನಲ್ಲಿ 4.3 ಸೆಕೆಂಡಿನಲ್ಲಿ ತಲುಪುತ್ತದೆ. 992 ಪೀಳಿಗೆಯ ಪೋರ್ಷೆ 911 ಜಿಟಿ3ರಲ್ಲಿ ಅಂತರ 3.4ಕ್ಕೂ 3.9ಕ್ಕೂ ಹಿಗ್ಗುತ್ತದೆ. ಮ್ಯಾನುಯಲ್ ಪೆಟ್ಟಿಗೆಯೇ ಹೆಚ್ಚು ಗಟ್ಟಿ ಎಂಬುದೂ ಎಲ್ಲೆಡೆ ನಿಲ್ಲದ ಮಾತು. ಪರಿಷ್ಕೃತ ಎಂ2ರಲ್ಲಿ ಆಟೊಮ್ಯಾಟಿಕ್‌ಗೆ 600 ನ್ಯೂಟನ್ ಮೀಟರ್ ಕೊಟ್ಟ ಕಂಪನಿ ಮ್ಯಾನುಯಲ್ಲನ್ನು 550ಕ್ಕೆ ನಿಲ್ಲಿಸಿದೆ. ಡ್ಯುಯಲ್ ಕ್ಲಚ್ಚೇ ಕೊನೆಯ ಮಾತೂ ಅಲ್ಲ. ಎಫ್10 ಪೀಳಿಗೆಯ ಎಂ5 ಕಾರಿನಲ್ಲಿ ಡ್ಯುಯಲ್ ಕ್ಲಚ್ ಬಳಸಿದ್ದ ಅದೇ ಬಿಎಂಡಬ್ಲ್ಯು, 2017ರ ಎಫ್90 ಪೀಳಿಗೆಗೆ 8 ಗೇರಿನ ಟಾರ್ಕ್ ಕನ್ವರ್ಟರಿಗೆ ಮರಳಿತು.

ಹಾಗಿದ್ದರೂ ಮ್ಯಾನುಯಲ್ ಉಳಿದಿದೆ, ಮತ್ತು ಉಳಿದಿರುವುದು ಗಡಿಯಾರಕ್ಕಾಗಿ ಅಲ್ಲ. 2013ರಲ್ಲಿ ಜಿಟಿ3ಯನ್ನು ಡ್ಯುಯಲ್ ಕ್ಲಚ್ಚಿನಲ್ಲಿ ಮಾತ್ರ ಮಾರಿದ ಪೋರ್ಷೆ 2017ರಲ್ಲಿ ಮ್ಯಾನುಯಲ್ ಆಯ್ಕೆಯನ್ನು ವಾಪಸು ತಂದಿತು. ನಿಧಾನವೆಂದು ಗೊತ್ತಿದ್ದೂ ಕೊಳ್ಳುವವರು ಅದನ್ನೇ ಕೇಳಿದ್ದರು. ಬಿಗಿಯಾದ ತಿರುವಿಗೆ ಮುನ್ನ ಬ್ರೇಕ್ ಒತ್ತುತ್ತಲೇ ಆಕ್ಸಿಲರೇಟರ್ ತಟ್ಟಿ ಮೂರರಿಂದ ಎರಡಕ್ಕೆ ನಯವಾಗಿ ಇಳಿಸುವುದರಲ್ಲಿ ಒಂದು ಕಸುಬಿದೆ, ಮತ್ತು ಆ ಸುಖ 40–50ರ ವೇಗದಲ್ಲೂ ಸಿಗುತ್ತದೆ. ಡಿಎಸ್‌ಜಿ ತನ್ನ ಚಾಕಚಕ್ಯತೆ ತೋರಿಸುವುದು ಎಂಜಿನ್ ಮೇಲಿನ ಸುತ್ತುಗಳಲ್ಲಿ ಉರಿಯುತ್ತಿರುವಾಗ. ನಮ್ಮ ಸಾರ್ವಜನಿಕ ರಸ್ತೆಗಳಲ್ಲಿ ಅದಕ್ಕೆ ನ್ಯಾಯವಾಗಿ ಅವಕಾಶ ಕಡಿಮೆ. ಮೂಡಿಗೆರೆಯ ತೋಟದ ದಾರಿಗಳಲ್ಲಿ ನಿಮಗೆ ಮ್ಯಾನುಯಲ್ಲೇ ಹೆಚ್ಚು ಇಷ್ಟವಾಗುವ ಸಾಧ್ಯತೆಯನ್ನು ನಾನು ತಳ್ಳಿಹಾಕುವುದಿಲ್ಲ.

ಕರಿ ಟ್ರ್ಯಾಕಿನ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಒಂದು ಅಳುಕು ಕಾಣಿಸುತ್ತದೆ, ಅದು ಬೇಡ. 2.1 ಕಿಲೊಮೀಟರಿನ ಆ ಚಿಕ್ಕ ಟ್ರ್ಯಾಕಿನಲ್ಲಿ ಹೊರಟ ಮೇಲೆ ಕ್ಲಚ್‌ಗಳು ಬಹುಪಾಲು ಹೊತ್ತು ಪೂರ್ತಿ ಕಚ್ಚಿಕೊಂಡೇ ಇರುತ್ತವೆ, ಗೇರು ಬದಲಾಗುವ ಕ್ಷಣ ಬಿಟ್ಟರೆ ಜಾರುವುದಿಲ್ಲ. ಕ್ಲಚ್ಚಿನ ದೃಷ್ಟಿಯಿಂದ ಅಲ್ಲಿನ ಒಂದು ಬೆಳಗು ನಿಮ್ಮ ಒಂದು ವಾರದ ಕಚೇರಿ ಪ್ರಯಾಣಕ್ಕಿಂತ ಹಗುರ. ಮೊದಲು ಸೋಲುವುದು ಬ್ರೇಕ್ ಆಯಿಲ್ ಮತ್ತು ಟೈರುಗಳು, ದುಡ್ಡು ಅಲ್ಲಿ ಹಾಕಿ. ಡಿಎಸ್‌ಜಿಯಲ್ಲಿ ಬಿಡಬೇಕಾದದ್ದು ಒಂದೇ: ಎರಡು ಪೆಡಲ್ ಒಟ್ಟಿಗೆ ಒತ್ತಿ ಚಿಮ್ಮುವ ಲಾಂಚ್ ಕಸರತ್ತನ್ನು ಗೆಳೆಯರಿಗೆ ಮತ್ತೆ ಮತ್ತೆ ತೋರಿಸುವುದು. ಮ್ಯಾನುಯಲ್ಲಿಗೆ ಟ್ರ್ಯಾಕಿನಲ್ಲಿ ಬೇರೆಯೇ ಅಪಾಯವಿದೆ. ನಾಲ್ಕರಿಂದ ಐದಕ್ಕೆ ಎಳೆಯಲು ಹೋಗಿ ಆತುರದಲ್ಲಿ ಮೂರಕ್ಕೆ ಬಿದ್ದರೆ ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತವೆ. ಪೆಟ್ರೋಲ್ ಕಡಿತಗೊಳಿಸುವ ರೆವ್ ಲಿಮಿಟರ್ ಅಲ್ಲಿ ಏನೂ ಮಾಡಲಾರದು, ವಾಲ್ವುಗಳು ಬಾಗುತ್ತವೆ. ಡಿಎಸ್‌ಜಿಯಾದರೆ ಅಂಥ ಅಪ್ಪಣೆಯನ್ನು ಪಾಲಿಸುವುದೇ ಇಲ್ಲ.

ನಿಮ್ಮ ಯೋಜನೆಯಲ್ಲಿ ನನ್ನನ್ನು ನಿಜವಾಗಿ ಚಿಂತೆಗೀಡುಮಾಡಿದ್ದು ರೀಮ್ಯಾಪ್. ಡಿಕ್ಯೂ200 ಪೆಟ್ಟಿಗೆಯನ್ನು ವಿನ್ಯಾಸಗೊಳಿಸಿದ್ದು 250 ನ್ಯೂಟನ್ ಮೀಟರ್ ಟಾರ್ಕಿಗೆ. ನಿಮ್ಮ ಎಂಜಿನ್ ಕಾರ್ಖಾನೆಯಿಂದ ಬರುವಾಗಲೇ ಕೊಡುವುದು 250. ಅಂದರೆ ಮೊದಲ ದಿನವೇ ಪೆಟ್ಟಿಗೆ ತನ್ನ ಘೋಷಿತ ಮಿತಿಯ ಅಂಚಿನಲ್ಲಿದೆ. ಮಿತಿ ದಾಟಿದ ಕ್ಷಣವೇ ಮುರಿಯುತ್ತದೆಂದಲ್ಲ, ಎಂಜಿನಿಯರುಗಳು ಒಂದಿಷ್ಟು ಅಂತರ ಬಿಟ್ಟೇ ಇರುತ್ತಾರೆ; ಆದರೆ ಆ ಅಂತರ ಇರುವುದು ನಮ್ಮ ಸೆಕೆಗೆ, ದಟ್ಟಣೆಗೆ, ವಯಸ್ಸಿಗೆ. ಅದನ್ನು ಮೊದಲ ವರ್ಷವೇ ಹೆಚ್ಚುವರಿ ಟಾರ್ಕಿಗೆ ಖರ್ಚು ಮಾಡಿದರೆ ಎಂಟನೇ ವರ್ಷಕ್ಕೆ ಏನೂ ಉಳಿಯುವುದಿಲ್ಲ. ಗೇರ್‌ಬಾಕ್ಸಿನ ಸಾಫ್ಟ್‌ವೇರನ್ನೂ ಬದಲಿಸಿ ಕ್ಲಚ್ ಒತ್ತಡ ಹೆಚ್ಚಿಸುತ್ತೇವೆ ಎನ್ನುವವರಿದ್ದಾರೆ. ಅದರಿಂದ ಜಾರುವುದು ಕಡಿಮೆಯಾಗಬಹುದು, ಭಾರ ಮಾತ್ರ ಮುಂದಿನ ಭಾಗಗಳಿಗೆ ವರ್ಗವಾಗುತ್ತದೆ. ಮ್ಯಾನುಯಲ್ಲಿನಲ್ಲಿಯೂ ರೀಮ್ಯಾಪ್ ಉಚಿತವಲ್ಲ: ಐದು–ಆರನೇ ಗೇರಿನಲ್ಲಿ ಕಡಿಮೆ ಸುತ್ತಿನಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಸುತ್ತುಗಳು ಏರಿ ವೇಗ ಏರದಿದ್ದರೆ ಕ್ಲಚ್ ಸೋತಿದೆ ಎಂದೇ ಅರ್ಥ, ಆದರೆ ಅಲ್ಲಿ ಗಟ್ಟಿಯಾದ ಕ್ಲಚ್ ಸೆಟ್ ಹಾಕಿಸಿಕೊಂಡು ಮುಂದುವರಿಯುವ ದಾರಿಯಿದೆ. ಎರಡರಲ್ಲೂ ವಾರಂಟಿ ಹೋಗುತ್ತದೆ. ಸರ್ವಿಸ್‌ಗೆ ಮುನ್ನ ಹಳೆಯ ಸಾಫ್ಟ್‌ವೇರ್ ವಾಪಸು ಹಾಕಿದರೆ ಗೊತ್ತಾಗುವುದಿಲ್ಲ ಎಂಬ ಭರವಸೆಯನ್ನು ನಂಬಬೇಡಿ, ಬರೆದು ಅಳಿಸಿದ ಗುರುತು ಕಂಪನಿಯ ಸ್ಕ್ಯಾನರಿಗೆ ಸಿಗುತ್ತದೆ. ವಿಮೆಯವರಿಗೆ ತಿಳಿಸದ ಮಾರ್ಪಾಡು ಕ್ಲೇಮಿನ ಹೊತ್ತಿಗೆ ತಕರಾರಿಗೆ ಕಾರಣವಾಗಬಹುದು ಎಂಬುದೂ ನೆನಪಿರಲಿ.

ಆದ್ದರಿಂದ ನಿಮ್ಮ ತೀರ್ಮಾನ ರೀಮ್ಯಾಪಿನ ಸುತ್ತ ತಿರುಗುತ್ತದೆ. ಅದು ಬಿಡಲಾಗದ ಆಸೆಯಾದರೆ ಡಿಎಸ್‌ಜಿ ಕೊಳ್ಳಬೇಡಿ, ಮ್ಯಾನುಯಲ್ ಕೊಳ್ಳಿ. ನಿಮ್ಮ ಶ್ರೀಮತಿಯವರು ಆ ಕಾರನ್ನು ಓಡಿಸುವುದಿಲ್ಲ ಎಂಬ ವಾಸ್ತವವನ್ನೂ ಒಪ್ಪಿಕೊಂಡು ಕೊಳ್ಳಿ, ‘ಅಭ್ಯಾಸವಾಗುತ್ತದೆ’ ಎಂದು ಅವರ ಪರವಾಗಿ ನೀವು ನಿರ್ಧರಿಸುವುದು ಸರಿಯಲ್ಲ. ರೀಮ್ಯಾಪ್ ಬಿಡಬಲ್ಲಿರಾದರೆ, ನೀವು ಬರೆದಿರುವ ದಿನಚರಿಗೆ ನನ್ನ ಒಲವು ಡಿಎಸ್‌ಜಿಯ ಕಡೆಗೇ ಇದೆ: ಕಾರ್ಖಾನೆಯ ಸ್ಥಿತಿಯಲ್ಲೇ, ಸಿಗುವಷ್ಟು ಗರಿಷ್ಠ ಅವಧಿಯ ವಿಸ್ತರಿತ ವಾರಂಟಿಯೊಂದಿಗೆ. ವಾರಂಟಿ ಮುಗಿಯುವ ವರ್ಷಕ್ಕೂ ನೀವು ಕಾರು ಮಾರುವ ವರ್ಷಕ್ಕೂ ನಡುವೆ ಉಳಿಯುವ ಅವಧಿಯೇ ನಿಮ್ಮ ನಿಜವಾದ ಅಪಾಯ. ಆ ಅವಧಿಗೆಂದು ಒಂದಿಷ್ಟು ಹಣ ಎತ್ತಿಡಲಾಗದಿದ್ದರೆ ಎಂಟರ ಬದಲು ಆರು ವರ್ಷಕ್ಕೆ ಮಾರುವ ಲೆಕ್ಕ ಹಾಕಿ. ಬೆಲೆಯ ವ್ಯತ್ಯಾಸ ಷೋರೂಮಿನಲ್ಲೇ ಲಕ್ಷ ಮೀರುತ್ತದೆ. ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷದೊಳಗಿನ ಕಾರಿಗೆ ಶೇ 17ರ ಜೀವಾವಧಿ ತೆರಿಗೆ, ಅದರ ಮೇಲೊಂದು ಸೆಸ್ ಇರುವುದರಿಂದ ಆ ಹೆಚ್ಚುವರಿ ಲಕ್ಷಕ್ಕೂ ನೀವು ತೆರಿಗೆ ಕಟ್ಟುತ್ತೀರಿ. ಬೆಲೆ ಹೋಲಿಸುವಾಗ ಆನ್‌ರೋಡ್ ಮೊತ್ತಗಳನ್ನೇ ಪಕ್ಕಪಕ್ಕದಲ್ಲಿಡಿ.

ಈ ಎರಡರ ಹೊರಗೂ ಎರಡು ದಾರಿಗಳಿವೆ. ಅದೇ ವರ್ಟಸ್ 1.0 ಲೀಟರ್ ಎಂಜಿನ್ನಿನೊಂದಿಗೆ ಟಾರ್ಕ್ ಕನ್ವರ್ಟರಿನಲ್ಲಿ ಸಿಗುತ್ತದೆ. ಹೊರವರ್ತುಲ ರಸ್ತೆಗೆ ಅದರಷ್ಟು ನಿಶ್ಚಿಂತೆಯ ಪೆಟ್ಟಿಗೆ ಈ ಬೆಲೆಯಲ್ಲಿ ವಿರಳ, ಆದರೆ 150 ಪಿಎಸ್ (ಅಶ್ವಶಕ್ತಿ) ಇರುವ ಜಿಟಿ ಕಾರನ್ನು ಓಡಿಸಿ ನೋಡಿದ ಮೇಲೆ 115 ಪಿಎಸ್‌ಗೆ ನಿಮ್ಮ ಮನಸ್ಸು ಒಪ್ಪಲಾರದೆಂದು ನನ್ನ ಅಂದಾಜು. ಇನ್ನೊಂದು, 2021ರಿಂದ 2023ರವರೆಗೆ ಮಾರಾಟವಾದ ಸ್ಕೋಡಾ ಆಕ್ಟೇವಿಯಾ 2.0 ಟಿಎಸ್‌ಐ, ಸೆಕೆಂಡ್‌ಹ್ಯಾಂಡ್‌ನಲ್ಲಿ. 190 ಪಿಎಸ್, 320 ನ್ಯೂಟನ್ ಮೀಟರ್, ಮತ್ತು ಕ್ಲಚ್‌ಗಳು ಆಯಿಲಿನಲ್ಲಿರುವ ಡಿಎಸ್‌ಜಿ. ದಟ್ಟಣೆಯನ್ನೂ ಹೆಚ್ಚುವರಿ ಟಾರ್ಕನ್ನೂ ಅದು ಒಣ ಕ್ಲಚ್ಚಿಗಿಂತ ಚೆನ್ನಾಗಿ ತಾಳುತ್ತದೆ, ಬದಲಿಗೆ ನಿಗದಿತ ಅವಧಿಗೆ ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ದಾಖಲೆ ಕೇಳುತ್ತದೆ. ಆ ದಾಖಲೆಯಿಲ್ಲದ ಕಾರನ್ನು ಬೆಲೆ ಎಷ್ಟೇ ಕಡಿಮೆಯಿದ್ದರೂ ಮುಟ್ಟಬೇಡಿ. ಯಾರೋ ಈಗಾಗಲೇ ರೀಮ್ಯಾಪ್ ಮಾಡಿಸಿ ತೆಗೆಸಿದ್ದಾರೆಯೇ ಎಂಬುದನ್ನೂ ಸ್ಕ್ಯಾನ್ ಮಾಡಿಸಿ ನೋಡಿ.

ಹಳಹಳಿಕೆಯ ಪ್ರಶ್ನೆಗೆ ಷೋರೂಮಿನ ಸುತ್ತ ಹತ್ತು ನಿಮಿಷ ಓಡಿಸಿದರೆ ಉತ್ತರ ಸಿಗುವುದಿಲ್ಲ. ಸ್ವಂತ ಚಾಲನೆಗೆ ಬಾಡಿಗೆಗೆ ಸಿಗುವ ಡಿಎಸ್‌ಜಿ ಅಥವಾ ಬೇರೆ ಡ್ಯುಯಲ್ ಕ್ಲಚ್ ಕಾರೊಂದನ್ನು ಒಂದು ಶುಕ್ರವಾರ ಸಂಜೆ ತೆಗೆದುಕೊಂಡು, ದಟ್ಟಣೆಯ ಹೊತ್ತಿನಲ್ಲೇ ಬೆಂಗಳೂರು ದಾಟಿ ಮೂಡಿಗೆರೆಗೆ ಹೋಗಿ, ಮರುದಿನ ಚಾರ್ಮಾಡಿ ಇಳಿದು ಹತ್ತಿ ಬನ್ನಿ. ಅರ್ಧ ದಾರಿ ನಿಮ್ಮ ಶ್ರೀಮತಿಯವರು ಓಡಿಸಲಿ. ಘಾಟಿಯಲ್ಲಿ ನಿಮ್ಮ ಎಡಗೈ ಪದೇ ಪದೇ ಲಿವರನ್ನು ಹುಡುಕುತ್ತಿದ್ದರೆ ಷೋರೂಮಿಗೆ ಫೋನ್ ಮಾಡಿ ಮ್ಯಾನುಯಲ್ಲನ್ನೇ ಕೇಳಿ. ಬುಕ್ ಮಾಡುವುದು ಡಿಎಸ್‌ಜಿಯೆಂದಾದರೆ, ವಿತರಣೆಗೆ ಮೊದಲು ಅದೇ ಕಾರನ್ನು ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ನಡಿಗೆಯ ವೇಗದಲ್ಲಿ ಒಂದರಿಂದ ಎರಡಕ್ಕೆ ಹೋಗುವಾಗಲೂ ಸಣ್ಣ ಏರಿನಲ್ಲಿ ರಿವರ್ಸ್ ಹೋಗುವಾಗಲೂ ನಡುಕವಿದೆಯೇ ಎಂದು ಗಮನಿಸಿ. ಇದ್ದರೆ ‘ಓಡಿದಂತೆ ಸರಿಹೋಗುತ್ತದೆ’ ಎಂಬ ಮಾತಿಗೆ ತಲೆಯಾಡಿಸದೆ, ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ತೆಗೆದುಕೊಳ್ಳಿ.